ಅಂಗಡಿ ಲೆಕ್ಕ ಕ್ಲೌಡ್‌ಗೆ ಹೋಯ್ತು, ಕೀಲಿ ಯಾರ ಹತ್ರ ಇದೆ? ಆ್ಯಪ್ ಮಾಡಿಸೋ ಮುನ್ನ ಇದನ್ನ ಓದಿ

ಪೇಟೆಯಲ್ಲಿ ಯಾವ ಅಂಗಡಿಗೆ ಹೋದರೂ ಈಗ ಬಿಲ್ ಕಂಪ್ಯೂಟರ್‌ನಲ್ಲೇ ಬರುತ್ತೆ. ಕಿರಾಣಿ, ಗೊಬ್ಬರ, ಹಾರ್ಡ್‌ವೇರ್, ಮೆಡಿಕಲ್ ಸ್ಟೋರ್, ಎಲ್ಲ ಕಡೆ. ಮೊದಲು ಆ ಲೆಕ್ಕವೆಲ್ಲ ಗಲ್ಲಾ ಪಕ್ಕದ ಅದೇ ಕಂಪ್ಯೂಟರ್ ಒಳಗೆ ಇರುತ್ತಿತ್ತು. ಈಗ ಎಷ್ಟೋ ಅಂಗಡಿಗಳ ಲೆಕ್ಕ ಕ್ಲೌಡ್‌ಗೆ ಹೋಗಿದೆ. ಅದರ ಹಿಂದೆಯೇ ಇನ್ನೊಂದು ಆಸೆ ಶುರುವಾಗುತ್ತೆ. ಮನೆಯಲ್ಲಿ ಕೂತು ಮೊಬೈಲ್‌ನಲ್ಲಿ ಇವತ್ತಿನ ವ್ಯಾಪಾರ ನೋಡಬೇಕು, ಯಾರ್ಯಾರ ಉದ್ರಿ ಎಷ್ಟಿದೆ ಗೊತ್ತಾಗಬೇಕು, ಗೋಡೌನ್‌ನಲ್ಲಿ ಎಷ್ಟು ಮೂಟೆ ಉಳಿದಿದೆ ಕಾಣಬೇಕು. ಅದಕ್ಕೊಂದು ಆ್ಯಪ್ ಮಾಡಿಸೋಣ ಅಂತ ಪರಿಚಯದ ಹುಡುಗನಿಗೆ ಹೇಳ್ತೀರಿ. ಅವನು ಮೊದಲು ಕೇಳೋದೇ ಇದು: "ಅಣ್ಣಾ, ಡೇಟಾಬೇಸ್ ಪಾಸ್‌ವರ್ಡ್ ಕೊಡಿ."

ಕೊಡೋಕೆ ಮುಂಚೆ ಸ್ವಲ್ಪ ತಡೀರಿ. ಆ ಒಂದು ಪಾಸ್‌ವರ್ಡ್‌ನಿಂದ ಏನೇನು ಆಗಬಹುದು ಅಂತ ಗೊತ್ತಿರಬೇಕು. ಇದಕ್ಕೆ ಕಂಪ್ಯೂಟರ್ ಓದಿರಬೇಕಾಗಿಲ್ಲ. ಅಂಗಡಿ ನಡೆಸಿದವರಿಗೆ ಅರ್ಥವಾಗುವ ವಿಷಯವೇ.

ಕ್ಲೌಡ್ ಇರೋದು ನೆಲದ ಮೇಲೇ

ಕ್ಲೌಡ್ ಅಂದ್ರೆ ಬಾಡಿಗೆ ಕಂಪ್ಯೂಟರ್, ಅಷ್ಟೇ. ಅಮೆಜಾನ್ ಕಂಪನಿ 2016ರಲ್ಲಿ ಮುಂಬೈನಲ್ಲಿ, 2022ರಲ್ಲಿ ಹೈದರಾಬಾದ್‌ನಲ್ಲಿ ಇಂಥ ಕೇಂದ್ರ ಶುರು ಮಾಡಿತು. ಗೂಗಲ್ 2017ರಲ್ಲಿ ಮುಂಬೈಗೆ ಬಂತು, 2021ರಲ್ಲಿ ದೆಹಲಿಗೆ. ಮೈಕ್ರೋಸಾಫ್ಟ್ 2015ರಿಂದಲೇ ಪುಣೆ, ಚೆನ್ನೈ, ಮುಂಬೈನಲ್ಲಿದೆ. ನಿಮ್ಮ ಅಂಗಡಿ ಲೆಕ್ಕ ಇಂಥ ಒಂದು ಊರಿನ ಕಟ್ಟಡದಲ್ಲಿ, ಯಾವುದೋ ಯಂತ್ರದ ಡಿಸ್ಕ್ ಮೇಲೆ ಇರುತ್ತೆ. ಖಾತೆ ತೆರೆಯುವಾಗ ಯಾವ ಊರು ಅಂತ ಆರಿಸೋ ಅವಕಾಶ ಇರುತ್ತೆ. ಆ್ಯಪ್ ಮಾಡುವವರು ಆತುರದಲ್ಲಿ ಅಮೆರಿಕದ ಕೇಂದ್ರವನ್ನೇ ಬಿಟ್ಟುಬಿಟ್ಟಿದ್ದರೆ, ಪ್ರತಿ ಬಿಲ್ಲೂ ಸಮುದ್ರ ದಾಟಿ ಹೋಗಿ ಬರಬೇಕು. ಆ್ಯಪ್ ನಿಧಾನ ಅಂತ ಬೈಯುವಾಗ ಮೊದಲು ಇದನ್ನ ಕೇಳಿ.

ಅಲ್ಲಿರುವ ಲೆಕ್ಕದ ಪುಸ್ತಕಕ್ಕೆ ಡೇಟಾಬೇಸ್ ಅಂತ ಹೆಸರು. ಒಳಗೆ ಟೇಬಲ್‌ಗಳಿರುತ್ತವೆ, ನಮ್ಮ ಕಿರ್ದಿ, ಖಾತೆ, ಸ್ಟಾಕ್ ಪುಸ್ತಕ ಇದ್ದ ಹಾಗೆ. ಗ್ರಾಹಕರದ್ದು ಒಂದು, ಸಾಮಾನುಗಳದ್ದು ಒಂದು, ಬಿಲ್‌ಗಳದ್ದು ಒಂದು, ಪ್ರತಿ ಬಿಲ್ಲಿನ ಒಳಗಿನ ಸಾಲುಗಳದ್ದು ಇನ್ನೊಂದು. ಗ್ರಾಹಕರ ಹೆಸರು, ವಿಳಾಸವನ್ನ ಪ್ರತಿ ಬಿಲ್ಲಿನಲ್ಲೂ ಬರೆಯೋದಿಲ್ಲ. ಅವರ ನಂಬರ್ ಮಾತ್ರ ಬರೆದು, ಹೆಸರು ಬೇಕಾದಾಗ ಗ್ರಾಹಕರ ಟೇಬಲ್‌ನಿಂದ ತಗೋತಾರೆ. ಹಳೇ ಗುಮಾಸ್ತರು ಕಿರ್ದಿಯಲ್ಲಿ ಖಾತೆ ಪುಟದ ನಂಬರ್ ಹಾಕ್ತಿದ್ದರಲ್ಲ, ಅದೇ ಲೆಕ್ಕ.

ಎಸ್‌ಕ್ಯುಎಲ್: ಲೆಕ್ಕದ ಪುಸ್ತಕವನ್ನ ಕೇಳುವ ಭಾಷೆ

ಈ ಪುಸ್ತಕದಿಂದ ಬೇಕಾದ್ದನ್ನ ಕೇಳೋ ಭಾಷೆಯೇ ಎಸ್‌ಕ್ಯುಎಲ್. ಐಬಿಎಂ ಕಂಪನಿಯ ಎಡ್ಗರ್ ಕಾಡ್ ಅನ್ನುವವರು 1970ರಲ್ಲಿ, ಮಾಹಿತಿಯನ್ನ ಹೀಗೆ ಟೇಬಲ್‌ಗಳಲ್ಲಿ ಇಡಬಹುದು ಅಂತ ಲೇಖನ ಬರೆದರು. ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಅದಕ್ಕೊಂದು ಭಾಷೆ ರೂಪಿಸಿದರು. 1986ರಲ್ಲಿ ಅದು ಅಮೆರಿಕದಲ್ಲಿ ಮಾನಕ ಆಯ್ತು. ಐವತ್ತು ವರ್ಷ ಹಳೇ ಭಾಷೆ. ಕಂಪ್ಯೂಟರ್ ಲೋಕದಲ್ಲಿ ಎಷ್ಟೋ ಬಂದು ಹೋದವು, ಇದು ಮಾತ್ರ ಉಳಿದಿದೆ. ಬ್ಯಾಂಕು, ರೈಲ್ವೆ ಟಿಕೆಟ್, ನಿಮ್ಮ ಅಂಗಡಿಯ ಬಿಲ್, ಇಂಥ ಕೆಲಸಗಳಲ್ಲೆಲ್ಲ ಈ ಭಾಷೆ ಓಡಾಡುತ್ತೆ.

ನೋಡೋಕೆ ಹೀಗಿರುತ್ತೆ. ಟೈಪ್ ಮಾಡೋದು ಇಂಗ್ಲಿಷ್ ಅಕ್ಷರದಲ್ಲಿ, ಇಲ್ಲಿ ಕನ್ನಡದಲ್ಲಿ ಬರೆದಿದ್ದೇವೆ:

ಸೆಲೆಕ್ಟ್ ಹೆಸರು, ಬಾಕಿ
ಫ್ರಮ್ ಗ್ರಾಹಕರು
ವೇರ್ ಬಾಕಿ > 5000
ಆರ್ಡರ್ ಬೈ ಬಾಕಿ ಡೆಸ್ಕ್

ಅರ್ಥ ಇಷ್ಟೇ: ಗ್ರಾಹಕರ ಪುಸ್ತಕ ತೆಗೆ, 5000 ರೂಪಾಯಿಗಿಂತ ಹೆಚ್ಚು ಬಾಕಿ ಇರುವವರ ಹೆಸರು ಮತ್ತು ಬಾಕಿ ಹೇಳು, ದೊಡ್ಡ ಬಾಕಿಯವರು ಮೇಲೆ ಬರಲಿ. ಗುಮಾಸ್ತನಿಗೆ ಹೇಳುವ ಮಾತೇ ತಾನೆ? ಗುಮಾಸ್ತನಿಗೆ ಅರ್ಧ ದಿನ ಹಿಡಿಯುತ್ತಿತ್ತು, ಇದಕ್ಕೆ ಒಂದು ಸೆಕೆಂಡೂ ಬೇಡ.

ಆ್ಯಪ್ ಹೋಗಿ ಬಾಗಿಲು ತಟ್ಟೋದು ಹೇಗೆ?

ಆ್ಯಪ್‌ಗೆ ಐದು ವಿವರ ಬೇಕು. ಸರ್ವರ್ ವಿಳಾಸ, ಪೋರ್ಟ್ ನಂಬರ್, ಡೇಟಾಬೇಸ್ ಹೆಸರು, ಯೂಸರ್ ಹೆಸರು, ಪಾಸ್‌ವರ್ಡ್. ವಿಳಾಸ ಅಂದ್ರೆ ಯಾವ ಕಟ್ಟಡ, ಪೋರ್ಟ್ ಅಂದ್ರೆ ಅದರಲ್ಲಿ ಯಾವ ಬಾಗಿಲು. ಮೈಎಸ್‌ಕ್ಯುಎಲ್ ಸಾಮಾನ್ಯವಾಗಿ 3306ನೇ ಬಾಗಿಲಲ್ಲಿ ಕೂತಿರುತ್ತೆ, ಪೋಸ್ಟ್‌ಗ್ರೆಸ್ 5432ರಲ್ಲಿ, ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್ 1433ರಲ್ಲಿ.

ಇವುಗಳ ಜೊತೆ ಡ್ರೈವರ್ ಅಂತ ಒಂದು ಸಣ್ಣ ಸಾಫ್ಟ್‌ವೇರ್ ಬೇಕು. ಆ್ಯಪ್ ಮತ್ತು ಡೇಟಾಬೇಸ್ ಎರಡರ ಮಾತೂ ಬಲ್ಲ ಮಧ್ಯಸ್ಥ ಇದು. ಮೈಕ್ರೋಸಾಫ್ಟ್ 1992ರಲ್ಲಿ ಒಡಿಬಿಸಿ ಅನ್ನುವ ಪದ್ಧತಿ ತಂತು. ಅದಕ್ಕೆ ಮುಂಚೆ ಒಂದೊಂದು ಕಂಪನಿ ಡೇಟಾಬೇಸ್‌ಗೂ ಪ್ರೋಗ್ರಾಂ ಬೇರೆ ಬೇರೆ ಥರ ಬರೀಬೇಕಿತ್ತು. ಈಗ ಎಕ್ಸೆಲ್ ಕೂಡ ಒಡಿಬಿಸಿ ಮೂಲಕ ನೇರವಾಗಿ ಡೇಟಾಬೇಸ್‌ನಿಂದ ಲೆಕ್ಕ ಎಳೆದುಕೊಳ್ಳುತ್ತೆ. ನಿಜ ಹೇಳಬೇಕಂದ್ರೆ, ತುಂಬ ಅಂಗಡಿಗಳಿಗೆ ಬೇಕಾಗಿರೋದು ಆ್ಯಪ್ ಅಲ್ಲ, ಹೀಗೆ ತಾನಾಗೇ ತುಂಬಿಕೊಳ್ಳೋ ಒಂದು ಎಕ್ಸೆಲ್ ಹಾಳೆ. ಆ್ಯಪ್‌ಗೆ ಸಾವಿರಾರು ರೂಪಾಯಿ ಸುರಿಯೋ ಮುನ್ನ ಇದನ್ನ ಒಮ್ಮೆ ಯೋಚನೆ ಮಾಡಿ.

ನಿಮ್ಮ ಲೆಕ್ಕ ಯಾವ ಥರದ ಕ್ಲೌಡ್‌ನಲ್ಲಿದೆ?

ಎಲ್ಲ ಕ್ಲೌಡ್ ಲೆಕ್ಕಕ್ಕೂ ನೇರ ಎಸ್‌ಕ್ಯುಎಲ್ ಬಾಗಿಲು ಇರಲ್ಲ. ಇದು ಗೊತ್ತಿಲ್ಲದೆ ಆ್ಯಪ್‌ಗೆ ಅಡ್ವಾನ್ಸ್ ಕೊಟ್ಟರೆ ಆಮೇಲೆ ಜಗಳ.

ಮೈಎಸ್‌ಕ್ಯುಎಲ್ ಅಥವಾ ಪೋಸ್ಟ್‌ಗ್ರೆಸ್ ಡೇಟಾಬೇಸನ್ನ ನೀವೇ ಬಾಡಿಗೆ ಸರ್ವರ್‌ನಲ್ಲಿ ಇಟ್ಟಿದ್ದರೆ ಬಾಗಿಲು ನಿಮ್ಮದು. ನೇರ ಎಸ್‌ಕ್ಯುಎಲ್ ನಡೆಯುತ್ತೆ.

ಜೋಹೊ ಬುಕ್ಸ್ ಥರದ, ತಿಂಗಳಿಗೋ ವರ್ಷಕ್ಕೋ ಹಣ ಕಟ್ಟಿ ಬಳಸೋ ಸೇವೆಯಾದ್ರೆ, ಡೇಟಾಬೇಸ್ ಬಾಗಿಲು ಆ ಕಂಪನಿ ಹತ್ರ ಇರುತ್ತೆ. ನಿಮಗೆ ಸಿಗೋದು ಎಪಿಐ ಅನ್ನೋ ಕಿಟಕಿ. ಕಿಟಕಿಯಲ್ಲಿ ಚೀಟಿ ಕೊಟ್ಟರೆ ಒಳಗಿನವರು ಬೇಕಾದ ಲೆಕ್ಕ ಕೊಡ್ತಾರೆ, ನೀವೇ ಒಳಗೆ ಹೋಗೋ ಹಾಗಿಲ್ಲ. ಇಷ್ಟು ಹೊತ್ತಿಗೆ ಇಷ್ಟೇ ಚೀಟಿ ಅನ್ನೋ ಮಿತಿಯೂ ಇರುತ್ತೆ. ಎಸ್‌ಕ್ಯುಎಲ್‌ನಲ್ಲಿ ಬರೆದ ಪ್ರಶ್ನೆಯನ್ನ ಇಂಥ ಚೀಟಿಗಳಾಗಿ ಬದಲಿಸೋ ಡ್ರೈವರ್‌ಗಳು ಮಾರುಕಟ್ಟೆಯಲ್ಲಿವೆ. ಇನ್ನೊಂದು ದಾರಿ ಅಂದ್ರೆ ಲೆಕ್ಕದ ನಕಲನ್ನ ಬೇರೆ ಕಡೆ ಇಟ್ಟು ಅದರ ಮೇಲೆ ಎಸ್‌ಕ್ಯುಎಲ್ ಓಡಿಸೋದು. ಜೋಹೊ ಅನಲಿಟಿಕ್ಸ್‌ನಲ್ಲಿ ಹೀಗೆ ಮಾಡಬಹುದು. ಆದ್ರೆ ನಕಲು ನಕಲೇ. ಅದು ಹೊಸದಾಗೋದು ಆಗಾಗ ಮಾತ್ರ, ಆ ಕ್ಷಣಕ್ಕೆ ಅಲ್ಲ. ಕೌಂಟರ್‌ನಲ್ಲಿ ಈಗಷ್ಟೇ ಮಾಡಿದ ಬಿಲ್ ರಿಪೋರ್ಟ್‌ನಲ್ಲಿ ಕಾಣದಿದ್ರೆ ಹುಡುಗರ ಮೇಲೆ ರೇಗಬೇಡಿ.

ಇನ್ನು ಟ್ಯಾಲಿ. ಬೆಂಗಳೂರಿನ ಕಂಪನಿಯ ಈ ಸಾಫ್ಟ್‌ವೇರ್ ಮೂಲದಲ್ಲಿ ನಿಮ್ಮ ಕಂಪ್ಯೂಟರ್‌ನಲ್ಲೇ ಓಡುವಂಥದ್ದು. 'ಕ್ಲೌಡ್ ಟ್ಯಾಲಿ' ಅಂತ ಮಾರುವವರು ಸಾಮಾನ್ಯವಾಗಿ ಮಾಡೋದು, ಬಾಡಿಗೆ ವಿಂಡೋಸ್ ಸರ್ವರ್‌ನಲ್ಲಿ ಅದೇ ಟ್ಯಾಲಿ ಹಾಕಿ ದೂರದಿಂದ ತೆರೆಯೋಕೆ ಕೊಡೋದು. ಟ್ಯಾಲಿಯಲ್ಲಿ ಒಡಿಬಿಸಿ ಸೌಲಭ್ಯ ಇದೆ, ಸಾಮಾನ್ಯವಾಗಿ 9000ನೇ ಪೋರ್ಟ್‌ನಲ್ಲಿ. ಟ್ಯಾಲಿ ತೆರೆದು, ಅದರಲ್ಲಿ ನಿಮ್ಮ ಕಂಪನಿ ಲೋಡ್ ಆಗಿದ್ದರೆ ಎಕ್ಸೆಲ್ ಅಲ್ಲಿಂದ ಲೆಡ್ಜರ್ ಎಳೆದುಕೊಳ್ಳಬಹುದು. ಟ್ಯಾಲಿ ಮುಚ್ಚಿದ್ರೆ ಇಲ್ಲ. ಆ ಪೋರ್ಟನ್ನ ಅಂಗಡಿಯ ಒಳಗಿನ ನೆಟ್‌ವರ್ಕ್‌ಗೆ ಮಾತ್ರ ಇಟ್ಟುಕೊಳ್ಳಿ. ಇಂಟರ್‌ನೆಟ್ ಕಡೆಗೆ ತೆರೆದಿಡೋದು ಬೇಡವೇ ಬೇಡ.

ಒಂದು ಎಂಟರ್, ಊರಿನ ಉದ್ರಿ ಪೂರಾ ಸೊನ್ನೆ

ಈಗ ಪಾಸ್‌ವರ್ಡ್ ವಿಷಯಕ್ಕೆ ಬರೋಣ. ಡೇಟಾಬೇಸ್ ಶುರು ಮಾಡಿದಾಗ ಒಂದು ಮುಖ್ಯ ಯೂಸರ್ ಹುಟ್ಟಿಕೊಳ್ಳುತ್ತೆ. ರೂಟ್ ಅಥವಾ ಅಡ್ಮಿನ್ ಅಂತಾರೆ. ಅದಕ್ಕೆ ಎಲ್ಲ ಅಧಿಕಾರ ಇದೆ. ಓದಬಹುದು, ತಿದ್ದಬಹುದು, ಟೇಬಲನ್ನೇ ಅಳಿಸಿಹಾಕಬಹುದು. ಎಷ್ಟೋ ಕಡೆ ಇದೇ ಪಾಸ್‌ವರ್ಡನ್ನ ಆ್ಯಪ್‌ಗೂ ಕೊಟ್ಟುಬಿಡ್ತಾರೆ, ಯಾಕಂದ್ರೆ ಸುಲಭ.

ಬಸವನಗುಡಿ ಬೀದಿಯ ಗ್ರಾಹಕರೊಬ್ಬರು ಬಾಕಿ ತೀರಿಸಿದರು ಅಂದುಕೊಳ್ಳಿ. ಅವರ ನಂಬರ್ 214. ಲೆಕ್ಕ ಸೊನ್ನೆ ಮಾಡೋಕೆ ಕೊಡಬೇಕಾದ ಆಜ್ಞೆ:

ಅಪ್‌ಡೇಟ್ ಗ್ರಾಹಕರು ಸೆಟ್ ಬಾಕಿ = 0 ವೇರ್ ನಂಬರ್ = 214

ಕೊನೆಯ 'ವೇರ್ ನಂಬರ್ = 214' ಅನ್ನೋ ಭಾಗ ಬಿಟ್ಟು ಎಂಟರ್ ಒತ್ತಿದ್ರೆ ಏನಾಗುತ್ತೆ? ಎಲ್ಲ ಗ್ರಾಹಕರ ಬಾಕಿಯೂ ಸೊನ್ನೆ. ಕಂಪ್ಯೂಟರ್ "ನಿಜವಾಗಿಯೂ ಮಾಡಲಾ?" ಅಂತ ಕೇಳಲ್ಲ. ಇಷ್ಟು ಸಾಲು ಬದಲಾದವು ಅಂತ ಒಂದು ಸಂಖ್ಯೆ ತೋರಿಸುತ್ತೆ, ಅಷ್ಟೇ. ಬಿತ್ತನೆಗೆ ಗೊಬ್ಬರ ಕೊಟ್ಟು ಸುಗ್ಗಿಗೆ ವಸೂಲಿ ಮಾಡುವ ಅಂಗಡಿಯವರಿಗೆ ಇದು ಏನು ಅನ್ನೋದನ್ನ ಬೇರೆ ಹೇಳಬೇಕಾಗಿಲ್ಲ. ಕಾಗದದ ಖಾತೆ ಪುಸ್ತಕವಾದ್ರೆ ಗೆದ್ದಲು ತಿಂದರೂ ಅರ್ಧ ಉಳಿಯುತ್ತಿತ್ತು.

ಅದಕ್ಕೇ ಒಬ್ಬೊಬ್ಬರಿಗೂ, ಒಂದೊಂದು ಕೆಲಸಕ್ಕೂ ಬೇರೆ ಯೂಸರ್ ಮಾಡಿಸಬೇಕು. ಮೊಬೈಲ್‌ನಲ್ಲಿ ವ್ಯಾಪಾರ ನೋಡೋ ಆ್ಯಪ್‌ಗೆ ಓದುವ ಅಧಿಕಾರ ಸಾಕು. ಎಸ್‌ಕ್ಯುಎಲ್‌ನಲ್ಲಿ ಇದಕ್ಕೆ 'ಗ್ರಾಂಟ್ ಸೆಲೆಕ್ಟ್' ಅಂತ ಒಂದು ಸಾಲಿನ ಆಜ್ಞೆ ಇದೆ. ಆ ಯೂಸರ್ ಎಷ್ಟು ಪ್ರಯತ್ನಪಟ್ಟರೂ ತಿದ್ದೋಕೆ, ಅಳಿಸೋಕೆ ಆಗಲ್ಲ, ಡೇಟಾಬೇಸೇ ಒಪ್ಪಲ್ಲ. ಬಿಲ್ ಹಾಕುವ ಕೌಂಟರ್‌ನ ಯೂಸರ್‌ಗೆ ಹೊಸ ಬಿಲ್ ಸೇರಿಸುವ ಅಧಿಕಾರ ಬೇಕು, ಹಳೇ ಬಿಲ್ ಅಳಿಸುವ ಅಧಿಕಾರ ಯಾಕೆ? ಗೋಡೌನ್‌ನವರಿಗೆ ಸ್ಟಾಕ್ ಟೇಬಲ್ ಸಾಕು, ಗ್ರಾಹಕರ ಫೋನ್ ನಂಬರ್ ಬೇಡ. ಕೆಲಸದವನಿಗೆ ಗೋಡೌನ್ ಕೀಲಿ ಕೊಡ್ತೀರಿ, ತಿಜೋರಿ ಕೀಲಿ ಕೊಡಲ್ಲ ಅಲ್ವಾ.

ಈ ಕೆಲಸಕ್ಕೆ ತಿಳಿದವರಿಗೆ ಹತ್ತು ನಿಮಿಷ ಸಾಕು. "ಆಮೇಲೆ ಮಾಡೋಣ" ಅಂದ್ರೆ ಒಪ್ಪಬೇಡಿ.

ಪಾಸ್‌ವರ್ಡ್ ಮೊಬೈಲ್ ಆ್ಯಪ್ ಒಳಗೆ ಇರಬಾರದು

ಆಂಡ್ರಾಯ್ಡ್ ಆ್ಯಪ್ ಅಂದ್ರೆ ಒಂದು ಕಟ್ಟಿದ ಗಂಟು. ಅದನ್ನ ಬಿಚ್ಚಿ ಒಳಗೆ ಏನು ಬರೆದಿದೆ ನೋಡೋ ಸಾಧನಗಳು ಬಿಟ್ಟಿ ಸಿಗ್ತವೆ. ಡೇಟಾಬೇಸ್ ಪಾಸ್‌ವರ್ಡನ್ನ ಆ್ಯಪ್ ಒಳಗೇ ಬರೆದಿಟ್ಟಿದ್ದರೆ, ಆ್ಯಪ್ ಸಿಕ್ಕಿದವರಿಗೆಲ್ಲ ಕೀಲಿ ಸಿಕ್ಕ ಹಾಗೆ. ಸರಿಯಾದ ರೀತಿ ಅಂದ್ರೆ ನಡುವೆ ಒಂದು ಸಣ್ಣ ಸರ್ವರ್ ಪ್ರೋಗ್ರಾಂ ಇಡೋದು. ಫೋನ್ ಅದನ್ನ ಕೇಳುತ್ತೆ, ಅದು ಈ ಫೋನ್ ಯಾರದು ಅಂತ ನೋಡಿ, ಡೇಟಾಬೇಸ್‌ನಿಂದ ಲೆಕ್ಕ ತಂದು ಕೊಡುತ್ತೆ. ಗಿರಾಕಿ ಗೋಡೌನ್‌ಗೆ ನುಗ್ಗಲ್ಲ, ಕೌಂಟರ್ ಹುಡುಗ ಸಾಮಾನು ತಂದುಕೊಡ್ತಾನೆ, ಹಾಗೆ. ಇದಕ್ಕೆ ಖರ್ಚು ಸ್ವಲ್ಪ ಜಾಸ್ತಿ. ಕೊಡಬೇಕಾದ ಖರ್ಚೇ.

ಇನ್ನೊಂದು ಕಳ್ಳದಾರಿ ಇದೆ. ಆ್ಯಪ್‌ನಲ್ಲಿ ಗ್ರಾಹಕರ ಹೆಸರು ಹುಡುಕೋ ಜಾಗ ಇರುತ್ತಲ್ಲ, ಅಲ್ಲಿ ಟೈಪ್ ಮಾಡಿದ್ದನ್ನ ಕೆಲವರು ಹಾಗೇ ಎಸ್‌ಕ್ಯುಎಲ್ ಸಾಲಿಗೆ ಅಂಟಿಸಿಬಿಡ್ತಾರೆ. ವೇರ್ ಹೆಸರು = 'ರಾಜು' ಅಂತ. ಯಾರೋ ಕಿಡಿಗೇಡಿ ರಾಜು ಅಂತ ಬರೆಯೋ ಬದಲು, ರಾಜು' ಆರ್ '1'='1 ಅಂತ ಬರೆದ ಅಂದುಕೊಳ್ಳಿ. ಈಗ ಪ್ರಶ್ನೆ ಏನಾಯ್ತು? ಹೆಸರು ರಾಜು ಆಗಿರಲಿ, ಅಥವಾ ಒಂದು ಒಂದಕ್ಕೆ ಸಮ ಆಗಿರಲಿ. ಒಂದು ಯಾವಾಗಲೂ ಒಂದಕ್ಕೆ ಸಮವೇ! ಹಾಗಾಗಿ ಎಲ್ಲ ಗ್ರಾಹಕರ ಲೆಕ್ಕವೂ ಅವನ ಮುಂದೆ ಬಂದು ಬೀಳುತ್ತೆ. ಎಸ್‌ಕ್ಯುಎಲ್ ಇಂಜೆಕ್ಷನ್ ಅನ್ನೋದು ಇದಕ್ಕೇ. ತಡೆಯೋಕೆ ಪ್ಯಾರಾಮೀಟರ್ ಕ್ವೆರಿ ಅನ್ನೋ ವಿಧಾನ ಇದೆ. ಪ್ರಶ್ನೆಯನ್ನ ಮೊದಲೇ ಕಟ್ಟಿಟ್ಟು, ಟೈಪ್ ಮಾಡಿದ್ದನ್ನ ಬೇರೆಯಾಗಿ ಕಳಿಸೋದು. ಆಗ ಅದು ಏನೇ ಇದ್ದರೂ ಬರೀ ಹೆಸರು ಅಂತಲೇ ಎಣಿಕೆ, ಆಜ್ಞೆ ಅಂತ ಅಲ್ಲ.

ನೀವೇ ಒಂದು ಪರೀಕ್ಷೆ ಮಾಡಬಹುದು. ನಿಮ್ಮ ಆ್ಯಪ್‌ನ ಹುಡುಕೋ ಜಾಗದಲ್ಲಿ ಒಂದೇ ಒಂದು ಕೊಟೇಷನ್ ಚಿಹ್ನೆ ಹಾಕಿ ಹುಡುಕಿ. 'ಯಾರೂ ಸಿಗಲಿಲ್ಲ' ಅಂತ ಬಂದ್ರೆ ಸದ್ಯಕ್ಕೆ ಪರವಾಗಿಲ್ಲ. ಇಂಗ್ಲಿಷ್‌ನಲ್ಲಿ ಉದ್ದುದ್ದ ಎರರ್ ಬಂದು ಅದರಲ್ಲಿ ಎಸ್‌ಕ್ಯುಎಲ್ ಸಿಂಟ್ಯಾಕ್ಸ್ ಅಂತೇನಾದ್ರೂ ಕಂಡರೆ, ಮಾಡಿದವರನ್ನ ಅವತ್ತೇ ಕರೆಸಿ. ಬೇರೆಯವರ ಆ್ಯಪ್ ಮೇಲೆ ಈ ಆಟ ಆಡಬೇಡಿ, ಕೇಸ್ ಆಗುತ್ತೆ.

ನಮ್ಮೂರ ನೆಟ್, ನಮ್ಮೂರ ಕರೆಂಟ್

ಬೆಂಗಳೂರಿನಲ್ಲಿ ಕೂತು ಆ್ಯಪ್ ಬರೆಯುವವರಿಗೆ ಹೊಳೆಯದ ತೊಂದರೆಗಳು ಇವು. ಕ್ಲೌಡ್ ಡೇಟಾಬೇಸ್‌ಗೆ, ಇಂಥ ವಿಳಾಸದಿಂದ ಬಂದವರನ್ನ ಮಾತ್ರ ಒಳಗೆ ಬಿಡು ಅಂತ ಪಟ್ಟಿ ಹಾಕಬಹುದು. ಒಳ್ಳೇ ಕಾವಲು. ಆದ್ರೆ ಅಂಗಡಿಯ ಬ್ರಾಡ್‌ಬ್ಯಾಂಡ್‌ಗೆ ಸಾಮಾನ್ಯವಾಗಿ ಕಾಯಂ ಐಪಿ ವಿಳಾಸ ಇರಲ್ಲ. ಕರೆಂಟ್ ಹೋಗಿ ಮೋಡೆಮ್ ಮತ್ತೆ ಆನ್ ಆದ್ರೆ ವಿಳಾಸ ಬದಲಾಗಬಹುದು. ಆಗ ಬಿಲ್ಲಿಂಗ್ ನಿಂತುಹೋಗುತ್ತೆ, ಫೋನ್ ಮೇಲೆ ಫೋನ್. ಎರಡು ಸಲ ಹೀಗಾದ ಮೇಲೆ ಆ್ಯಪ್ ಮಾಡಿದವರು ಬೇಸತ್ತು ಪಟ್ಟಿಯಲ್ಲಿ 0.0.0.0/0 ಅಂತ ಬರೆದುಬಿಡ್ತಾರೆ. ಅದರ ಅರ್ಥ ಪ್ರಪಂಚದ ಯಾವ ಮೂಲೆಯಿಂದ ಬೇಕಾದ್ರೂ ಬಂದು ಬಾಗಿಲು ತಟ್ಟಬಹುದು ಅಂತ. ಬಾಗಿಲು ತೆರೆದಿದೆಯಾ ಅಂತ ದಿನವಿಡೀ ತಟ್ಟುತ್ತಾ ತಿರುಗೋ ಪ್ರೋಗ್ರಾಂಗಳು ಇಂಟರ್‌ನೆಟ್ ತುಂಬ ಇವೆ. ಇಂಟರ್‌ನೆಟ್ ಕಂಪನಿಗೆ ಸ್ವಲ್ಪ ಹೆಚ್ಚು ಕಟ್ಟಿ ಕಾಯಂ ಐಪಿ ತಗೊಳ್ಳಿ, ಇಲ್ಲವೇ ವಿಪಿಎನ್ ಹಾಕಿಸಿ. ಮೇಲೆ ಹೇಳಿದ ನಡುವಿನ ಸರ್ವರ್ ಇದ್ದರೆ ಈ ತೊಂದರೆಯೇ ಬರಲ್ಲ. ಅದು ಇರೋದು ಕ್ಲೌಡ್‌ನಲ್ಲೇ, ಅದರ ವಿಳಾಸವನ್ನ ಕಾಯಂ ಮಾಡಿಸಬಹುದು.

ದಾರಿಯಲ್ಲಿ ಹೋಗೋ ಲೆಕ್ಕ ಗುಪ್ತವಾಗಿ ಹೋಗಬೇಕು. ಇದಕ್ಕೆ ಟಿಎಲ್ಎಸ್ ಅಂತಾರೆ. ಬ್ಯಾಂಕ್ ವೆಬ್‌ಸೈಟ್‌ನಲ್ಲಿ ಬೀಗದ ಗುರುತು ಇರುತ್ತಲ್ಲ, ಅದೇ ತಂತ್ರ. ಡೇಟಾಬೇಸ್ ಸಂಪರ್ಕಕ್ಕೂ ಅದು ಕಡ್ಡಾಯ ಇರಲಿ ಅಂತ ಹೇಳಿ ಮಾಡಿಸಿ.

ನೆಟ್ ಹೋದಾಗ ವ್ಯಾಪಾರ ನಿಲ್ಲಬಾರದು. ಕೌಂಟರ್ ಕಂಪ್ಯೂಟರ್‌ನಲ್ಲೇ ಬಿಲ್ ಉಳಿದು, ನೆಟ್ ಬಂದಾಗ ಕ್ಲೌಡ್‌ಗೆ ಹೋಗೋ ಹಾಗಿರಬೇಕು. ಎರಡು ಕೌಂಟರ್ ಇದ್ದು ಎರಡೂ ನೆಟ್ ಇಲ್ಲದೆ ಬಿಲ್ ಹಾಕಿದ್ರೆ ಎರಡರಲ್ಲೂ ಒಂದೇ ನಂಬರ್ ಬರೋ ಅಪಾಯ ಇದೆ. ಜಿಎಸ್‌ಟಿ ನಿಯಮದಂತೆ ಇನ್‌ವಾಯ್ಸ್ ನಂಬರ್ ಆ ಆರ್ಥಿಕ ವರ್ಷದಲ್ಲಿ ಎರಡು ಸಲ ಬರಬಾರದು, 16 ಅಕ್ಷರ ಮೀರಬಾರದು. ಆದ್ರೆ ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳೋಕೆ ಅವಕಾಶ ಇದೆ. ಹಾಗಾಗಿ ಮೊದಲ ಕೌಂಟರ್‌ಗೆ 'ಎ', ಎರಡನೆಯದಕ್ಕೆ 'ಬಿ' ಅಂತ ಬೇರೆ ಸರಣಿ ಕೊಟ್ಟರೆ ಮುಗಿಯಿತು.

ಲೆಕ್ಕ ಸದ್ದಿಲ್ಲದೆ ತಪ್ಪುವ ಜಾಗಗಳು

ಸಂಪರ್ಕ ಸರಿಯಾಗಿದ್ದು, ಉತ್ತರವೂ ಬಂದು, ಉತ್ತರವೇ ತಪ್ಪಾಗಿರೋದು ಎಲ್ಲಕ್ಕಿಂತ ಕೆಟ್ಟದ್ದು. ಯಾಕಂದ್ರೆ ಗೊತ್ತೇ ಆಗಲ್ಲ.

2025ರ ಸೆಪ್ಟೆಂಬರ್ 22ರಿಂದ ಸೋಪು, ಟೂತ್‌ಪೇಸ್ಟ್, ಶಾಂಪೂ, ತಲೆಎಣ್ಣೆ ಮೇಲಿನ ಜಿಎಸ್‌ಟಿ 18ರಿಂದ 5 ಪರ್ಸೆಂಟ್‌ಗೆ ಇಳಿಯಿತು. ಆ್ಯಪ್ ಮಾಡಿದವರು ತೆರಿಗೆ ದರವನ್ನ ಸಾಮಾನುಗಳ ಟೇಬಲ್‌ನಲ್ಲಿ ಮಾತ್ರ ಇಟ್ಟಿದ್ದರು ಅಂದುಕೊಳ್ಳಿ. ನೀವು ಸೋಪಿನ ದರ 5 ಅಂತ ಬದಲಿಸಿದ್ರಿ. ಆಮೇಲೆ ಆಗಸ್ಟ್ ತಿಂಗಳ ರಿಪೋರ್ಟ್ ತೆಗೆದರೆ, ಆಗಸ್ಟ್‌ನ ಬಿಲ್‌ಗಳಿಗೂ 5 ಪರ್ಸೆಂಟೇ ಲೆಕ್ಕ ಹಾಕಿಬಿಡುತ್ತೆ. ತೆರಿಗೆ ಬಿಟ್ಟು 50,000 ರೂಪಾಯಿ ಸೋಪು ಮಾರಿದ್ದರೆ ನಿಜವಾದ ತೆರಿಗೆ 9,000 ರೂಪಾಯಿ, ರಿಪೋರ್ಟ್ ತೋರಿಸೋದು 2,500. ಕಟ್ಟಿದ ತೆರಿಗೆಗೂ ರಿಪೋರ್ಟಿಗೂ 6,500 ವ್ಯತ್ಯಾಸ. ದರ ಆಯಾ ದಿನದ ಬಿಲ್ ಸಾಲಿನಲ್ಲೇ ದಾಖಲಾಗಿ, ಅಲ್ಲೇ ಉಳಿಯಬೇಕು. ನಿಮ್ಮದು ಹೇಗಿದೆ ಅಂತ ನೋಡೋಕೆ 2025ರ ಆಗಸ್ಟ್‌ನ ಒಂದು ಹಳೇ ಬಿಲ್ ತೆರೆದು ನೋಡಿ, 18 ಇದೆಯಾ 5 ಆಗಿದೆಯಾ ಅಂತ.

ಎರಡನೆಯದು ಗಡಿಯಾರ. ಕ್ಲೌಡ್ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಸಮಯ ಇಟ್ಟುಕೊಂಡಿರುತ್ತವೆ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಹತ್ತು ಗಂಟೆಗೆ ಬಾಗಿಲು ತೆರೆಯೋ ಬಟ್ಟೆ ಅಂಗಡಿಗೆ ಏನೂ ಗೊತ್ತಾಗಲ್ಲ. ಹಾಲಿನ ಬೂತ್, ಹೂವಿನ ಅಂಗಡಿ, ಬಸ್‌ಸ್ಟ್ಯಾಂಡ್ ಹೋಟೆಲ್‌ನವರ ಕಥೆ ಬೇರೆ. ಬೆಳಗ್ಗೆ 5.10ಕ್ಕೆ ಹಾಕಿದ ಬಿಲ್ ಸರ್ವರ್ ಲೆಕ್ಕದಲ್ಲಿ ಹಿಂದಿನ ದಿನ ರಾತ್ರಿ 11.40. ಐದೂವರೆಗೆ ಮುಂಚಿನ ವ್ಯಾಪಾರವೆಲ್ಲ ನಿನ್ನೆಯದಕ್ಕೆ ಸೇರುತ್ತೆ. ಏಪ್ರಿಲ್ 1ರ ಬೆಳಗಿನದು ಮಾರ್ಚ್ 31ಕ್ಕೆ, ಅಂದ್ರೆ ಹಿಂದಿನ ಆರ್ಥಿಕ ವರ್ಷಕ್ಕೇ ಹೋಗಿಬಿಡುತ್ತೆ. ಎಸ್‌ಕ್ಯುಎಲ್ ಪ್ರಶ್ನೆಯಲ್ಲಿ 'ಏಷ್ಯಾ/ಕೋಲ್ಕತಾ' ಸಮಯಕ್ಕೆ ಬದಲಿಸಿಕೊಂಡು ದಿನ ಲೆಕ್ಕ ಹಾಕು ಅಂತ ಸೇರಿಸಬೇಕು.

ಇನ್ನು ಕನ್ನಡ. ಗ್ರಾಹಕರ ಹೆಸರನ್ನ ಕನ್ನಡದಲ್ಲಿ ಹಾಕಿದ್ರೆ ಬರೀ ಪ್ರಶ್ನೆ ಚಿಹ್ನೆ ಸಾಲುಗಟ್ಟಿ ಬರುತ್ತೆ ಅಂತ ದೂರು ಉಂಟು. ಡೇಟಾಬೇಸ್ ಅಥವಾ ಸಂಪರ್ಕ ಯುಟಿಎಫ್-8ರಲ್ಲಿ ಇಲ್ಲದಿದ್ರೆ ಹೀಗಾಗುತ್ತೆ. ಪ್ರಶ್ನೆ ಚಿಹ್ನೆಯಾಗಿ ಉಳಿದ ಹೆಸರು ಮತ್ತೆ ಅಕ್ಷರವಾಗಲ್ಲ, ಹೊಸದಾಗಿ ಟೈಪ್ ಮಾಡಬೇಕು. ಮೊದಲ ದಿನವೇ ಎರಡು ಕನ್ನಡ ಹೆಸರು ಹಾಕಿ ನೋಡಿಬಿಡಿ. 'ಇಂಗ್ಲಿಷ್‌ನಲ್ಲೇ ಹಾಕಿ ಸರ್' ಅಂದ್ರೆ ಒಪ್ಪಬೇಡಿ. ಕನ್ನಡ ಬಾರದ ಡೇಟಾಬೇಸ್ ಈಗ ಯಾವುದೂ ಇಲ್ಲ.

ನೋಟಿಸ್ ಬಂದಾಗ ಕೆಲಸಕ್ಕೆ ಬರೋ ಮೂರು ಸಾಲು

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ, ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು, ಹಾಲು, ತರಕಾರಿ, ಬೇಕರಿ ಅಂಗಡಿಯವರು ಬೀದಿಗಿಳಿದದ್ದು ಎಲ್ಲರಿಗೂ ನೆನಪಿದೆ. ಸರಕು ಮಾರುವವರಿಗೆ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ. ಬರೀ ತೆರಿಗೆ ಇಲ್ಲದ ಸಾಮಾನು ಮಾರುವವರು ನೋಂದಣಿ ಮಾಡಬೇಕಿಲ್ಲ. ಎರಡೂ ಥರ ಮಾರುವವರ ವಹಿವಾಟು ಎಣಿಸುವಾಗ ಎರಡೂ ಸೇರುತ್ತೆ, ಆದ್ರೆ ತೆರಿಗೆ ಬೀಳೋದು ತೆರಿಗೆ ಇರುವ ಸಾಮಾನಿಗೆ ಮಾತ್ರ. ಯುಪಿಐ ಲೆಕ್ಕಕ್ಕೆ ಹಣ ಬಂದದ್ದು ಗೊತ್ತು, ಅದು ಹಾಲಿಗೆ ಬಂತೋ ಸೋಪಿಗೆ ಬಂತೋ ಗೊತ್ತಿಲ್ಲ. ಅದನ್ನ ಹೇಳಬೇಕಾದವರು ನೀವು. ನಿಮ್ಮ ಬಿಲ್ ಡೇಟಾಬೇಸ್ ಸರಿಯಾಗಿದ್ದರೆ ಇಷ್ಟು ಸಾಕು:

ಸೆಲೆಕ್ಟ್ ತೆರಿಗೆ_ದರ, ಸಮ್(ಮೊತ್ತ)
ಫ್ರಮ್ ಬಿಲ್_ಸಾಲು
ಗ್ರೂಪ್ ಬೈ ತೆರಿಗೆ_ದರ

ಸೊನ್ನೆ ದರದ್ದು ಇಷ್ಟು, 5ರದ್ದು ಇಷ್ಟು, 18ರದ್ದು ಇಷ್ಟು ಅಂತ ಬೇರೆ ಬೇರೆಯಾಗಿ ಬರುತ್ತೆ. ಯಾವ ವರ್ಷ ಅಂತ ಬೇಕಾದ್ರೆ ಒಂದು ವೇರ್ ಸೇರಿಸಬೇಕು. ಇದರ ಪ್ರಿಂಟ್ ತಗೊಂಡು ನಿಮ್ಮ ಆಡಿಟರ್ ಹತ್ರ ಹೋದ್ರೆ ಅರ್ಧ ಕೆಲಸ ಆದ ಹಾಗೆ.

ಖಾತೆ ಯಾರ ಹೆಸರಲ್ಲಿದೆ?

ಕ್ಲೌಡ್ ಖಾತೆ ತೆರೆಯೋಕೆ ಇಮೇಲ್ ಮತ್ತು ಕಾರ್ಡ್ ಬೇಕು. ಅಂಗಡಿಯವರಿಗೆ ಇದೆಲ್ಲ ಯಾಕೆ ತಲೆನೋವು ಅಂತ ಆ್ಯಪ್ ಮಾಡುವ ಹುಡುಗ ತನ್ನ ಇಮೇಲ್‌ನಲ್ಲೇ ತೆರೆದುಬಿಡ್ತಾನೆ. ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲ್ಲ. ಎರಡು ವರ್ಷ ಆದ ಮೇಲೆ ಅವನಿಗೆ ಬೆಂಗಳೂರಿನಲ್ಲೋ ಹೈದರಾಬಾದ್‌ನಲ್ಲೋ ಕೆಲಸ ಸಿಗುತ್ತೆ, ಫೋನ್ ನಂಬರ್ ಬದಲಾಗುತ್ತೆ, ಹಳೇ ಕಾರ್ಡ್ ಅವಧಿ ಮುಗಿಯುತ್ತೆ. ಬಾಡಿಗೆ ಕಟ್ಟದ ಖಾತೆಯನ್ನ ಕ್ಲೌಡ್ ಕಂಪನಿ ಎಚ್ಚರಿಕೆ ಕೊಟ್ಟು, ನಿಲ್ಲಿಸಿ, ಕೊನೆಗೆ ಅಳಿಸುತ್ತೆ. ಎಚ್ಚರಿಕೆ ಹೋಗೋದು ಆ ಹುಡುಗನ ಇಮೇಲ್‌ಗೆ. ಕಂಪನಿಯ ದೃಷ್ಟಿಯಲ್ಲಿ ಖಾತೆ ಅವನದು, ನೀವು ಯಾರು ಅಂತಲೇ ಅವರಿಗೆ ಗೊತ್ತಿಲ್ಲ. ಹಾಗಾಗಿ ಖಾತೆ ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರ್, ನಿಮ್ಮ ಕಾರ್ಡ್‌ನಲ್ಲೇ ಇರಲಿ. ಮುಖ್ಯ ಪಾಸ್‌ವರ್ಡನ್ನ ಕಾಗದದಲ್ಲಿ ಬರೆದು ಮನೆಯ ಬೀರುವಿನಲ್ಲಿಡಿ. ಹುಡುಗನಿಗೆ ಅವನ ಹೆಸರಿನಲ್ಲೇ ಬೇರೆ ಯೂಸರ್ ಮಾಡಿಕೊಡಿ.

ಕ್ಲೌಡ್‌ನಲ್ಲಿದೆ, ಹಾಗಾಗಿ ಬ್ಯಾಕಪ್ ಇದ್ದೇ ಇರುತ್ತೆ ಅನ್ನೋ ನಂಬಿಕೆ ಬೇಡ. ಉದಾಹರಣೆಗೆ ಅಮೆಜಾನ್‌ನ ಆರ್‌ಡಿಎಸ್ ಡೇಟಾಬೇಸ್ ಸೇವೆ ತಾನಾಗೇ ತೆಗೆಯುವ ಬ್ಯಾಕಪ್ ಹೆಚ್ಚೆಂದರೆ 35 ದಿನ ಉಳಿಯುತ್ತೆ. ಜಿಎಸ್‌ಟಿ ಕಾಯ್ದೆ ಪ್ರಕಾರ ಲೆಕ್ಕಪತ್ರ ಇಡಬೇಕಾದದ್ದು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು. ನಡುವಿನ ಅಂತರ ನೀವೇ ತುಂಬಬೇಕು. ವಾರಕ್ಕೊಮ್ಮೆ ಡೇಟಾಬೇಸ್‌ನ ಪೂರ್ತಿ ನಕಲು ಒಂದು ಪೆನ್‌ಡ್ರೈವ್‌ಗೆ ಬರಲಿ, ಆ ಪೆನ್‌ಡ್ರೈವ್ ಅಂಗಡಿಯಲ್ಲಿ ಬೇಡ, ಮನೆಯಲ್ಲಿರಲಿ. ಆರು ತಿಂಗಳಿಗೊಮ್ಮೆ ಆ ನಕಲಿನಿಂದ ಲೆಕ್ಕ ನಿಜವಾಗಿ ಮರಳಿ ಬರುತ್ತಾ ಅಂತ ಬೇರೆ ಕಂಪ್ಯೂಟರ್‌ನಲ್ಲಿ ಹಾಕಿ ನೋಡಿಸಿ.

ಗ್ರಾಹಕರ ಫೋನ್ ನಂಬರ್, ವಿಳಾಸದ ಹೊಣೆಯೂ ನಿಮ್ಮ ಮೇಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಡೇಟಾ ನೋಡಿಕೊಳ್ಳೋ ಕೆಲಸವನ್ನ ಬೇರೆಯವರಿಗೆ ಕೊಟ್ಟಿದ್ದರೂ ಜವಾಬ್ದಾರಿ ಸಂಗ್ರಹಿಸಿದವರದ್ದೇ ಅಂತಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುತ್ತಿವೆ.

ಕೆಲಸದವರು ಬಿಟ್ಟು ಹೋದ ದಿನ, ಆ್ಯಪ್ ಮಾಡಿದವರ ಜೊತೆ ಲೆಕ್ಕ ಚುಕ್ತಾ ಆದ ದಿನ, ಅವರ ಯೂಸರ್ ಮುಚ್ಚಿಸಿ. ಒಬ್ಬೊಬ್ಬರಿಗೂ ಬೇರೆ ಯೂಸರ್ ಮಾಡಿಸಿದ್ದರೆ ಇದು ಒಂದೇ ಸಾಲಿನ ಕೆಲಸ, ಉಳಿದವರ ಬಿಲ್ಲಿಂಗ್‌ಗೆ ತೊಂದರೆ ಇಲ್ಲ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದರೆ ಅಂಗಡಿ ಬಾಗಿಲು ಹಾಕಿದ ಮೇಲೆ ರಾತ್ರಿ ಕೂತು ಕೌಂಟರ್, ಗೋಡೌನ್, ಮೊಬೈಲ್ ಎಲ್ಲದರಲ್ಲೂ ಬದಲಿಸಬೇಕಾಗುತ್ತೆ.